ಆರುನೂರು ಜನಕ್ಕೆ ಎಷ್ಟಗಲದ ಬಾಗಿಲು ಬೇಕು?

(ಛತ್ರ ನಡೆಸುವವರು, ಕಾಂಟ್ರಾಕ್ಟರುಗಳು, ಡಿಪ್ಲೊಮಾ ಓದುವ ಹುಡುಗರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಹೇಳಲು ನಾನು ಬಂದಿಲ್ಲ, ಅದಕ್ಕೆ ಅಗ್ನಿಶಾಮಕದವರಿದ್ದಾರೆ. ನನ್ನ ವಿಷಯ ಚಿಕ್ಕದು. ಒಂದು ಕಟ್ಟಡದಲ್ಲಿ ಇಷ್ಟು ಜನ ಇರುತ್ತಾರೆ ಅಂದರೆ, ಅವರೆಲ್ಲ ಹೊರಗೆ ಬರಲು ಬಾಗಿಲು ಎಷ್ಟಗಲ ಇರಬೇಕು, ಮೆಟ್ಟಿಲು ಎಷ್ಟಗಲ ಇರಬೇಕು? ಅಷ್ಟೇ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಆದರೂ ಈ ಲೆಕ್ಕ ತಪ್ಪುತ್ತಲೇ ಇದೆ. ಸೂತ್ರದಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಎರಡು ಕಡೆ: ತಲೆ ಎಣಿಸುವಾಗ, ಆಮೇಲೆ ಟೇಪು ಹಿಡಿಯುವಾಗ.

ಕಲ್ಯಾಣ ಮಂಟಪವನ್ನೇ ತೆಗೆದುಕೊಳ್ಳೋಣ, ಇಲ್ಲಿ ಛತ್ರ ಕಟ್ಟಿದವರು ಮತ್ತು ಕಟ್ಟಲು ಹೊರಟವರೇ ಜಾಸ್ತಿ ಇದ್ದೀರಿ. ಮಾಮೂಲಿ ನಮೂನೆ ನಿಮಗೆ ಗೊತ್ತು. ಕೆಳಗೆ ಊಟದ ಹಾಲ್, ಅದರ ಹಿಂದೆ ಅಡುಗೆಮನೆ, ಮೇಲಿನ ಮಹಡಿಯಲ್ಲಿ ಮದುವೆ ಹಾಲ್. ಬುಕಿಂಗ್‌ಗೆ ಫೋನ್ ಮಾಡಿದರೆ ಮ್ಯಾನೇಜರ್ "ಆರುನೂರು ಸೀಟಿಂಗ್ ಸಾರ್" ಅನ್ನುತ್ತಾರೆ. ಈ ಆರುನೂರು ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಮಾಲೀಕರು ಆರುನೂರು ಪ್ಲಾಸ್ಟಿಕ್ ಕುರ್ಚಿ ಕೊಂಡಿದ್ದಾರೆ, ಅದಕ್ಕೆ ಆರುನೂರು. ಮೆಟ್ಟಿಲಿಗೂ ಆ ಸಂಖ್ಯೆಗೂ ಸಂಬಂಧವೇ ಇಲ್ಲ.

ಲೆಕ್ಕ ಶುರುವಾಗಬೇಕಾದ್ದು ನೆಲದ ವಿಸ್ತೀರ್ಣದಿಂದ. ನಮ್ಮಲ್ಲಿ ಇದಕ್ಕೆ ಆಧಾರ ರಾಷ್ಟ್ರೀಯ ಕಟ್ಟಡ ಸಂಹಿತೆ, ಎಲ್ಲರೂ ಎನ್‌ಬಿಸಿ ಅನ್ನುತ್ತೇವಲ್ಲ, ಅದು. ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಹೊರತಂದ 2016ರ ಆವೃತ್ತಿಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಗೇ ಮೀಸಲು. ಅದು ತಾನಾಗಿಯೇ ಕಾನೂನಲ್ಲ, ಶಿಫಾರಸು. ರಾಜ್ಯಗಳು ತಮ್ಮ ಬೈಲಾಗಳ ಮೂಲಕ ಅದನ್ನು ಜಾರಿಗೆ ತರುತ್ತವೆ. ಅದರಲ್ಲಿ ಒಬ್ಬರಿಗೆ ಎಷ್ಟು ಜಾಗ ಅಂತ ಒಂದು ಪಟ್ಟಿ ಇದೆ. ಮನೆಗಳಲ್ಲಿ ತಲೆಗೆ 12.5 ಚದರ ಮೀಟರ್, ಆಫೀಸಿನಲ್ಲಿ 10, ಶಾಲೆಯಲ್ಲಿ 4, ಅಂಗಡಿಯ ನೆಲಮಹಡಿಯಲ್ಲಿ 3, ಗೋದಾಮಿನಲ್ಲಿ 30. ಜನ ಒತ್ತಾಗಿ ಸೇರುವ ಹಾಲ್ ಆದರೆ ಬರೀ 0.65. ಚದರಡಿಯಲ್ಲಿ ಹೇಳುವುದಾದರೆ ಒಬ್ಬರಿಗೆ ಏಳು. ಅಷ್ಟು ಒತ್ತಾಗಿ ಸೇರದ ಹಾಲ್ ಆದರೆ 1.4, ನಮ್ಮ ಊಟದ ಹಾಲ್‌ಗೂ ನಾನು ಇದನ್ನೇ ಹಿಡಿಯುತ್ತೇನೆ.

ಈಗ ನಮ್ಮ ಹಾಲ್ 24 ಮೀಟರ್ ಉದ್ದ, 18 ಮೀಟರ್ ಅಗಲ ಅಂದುಕೊಳ್ಳಿ. 432 ಚದರ ಮೀಟರ್ ಆಯ್ತು. ಮಂಟಪದ ಸ್ಟೇಜಿಗೆ 42 ಕಳೆಯಿರಿ, 390 ಉಳಿಯಿತು. 0.65ರಿಂದ ಭಾಗಿಸಿದರೆ 600. ಪರವಾಗಿಲ್ಲ, ಮ್ಯಾನೇಜರ್ ಹೇಳಿದ್ದೂ ಇದೂ ಒಂದೇ ಆಯ್ತು. ಆದರೆ ಇಲ್ಲಿಗೆ ಮುಗಿಯಲಿಲ್ಲ. ಪಟ್ಟಿಯಿಂದ ಬಂದ ಸಂಖ್ಯೆ ದೊಡ್ಡದೋ, ನಿಜವಾಗಿ ಸೇರುವ ಜನ ಜಾಸ್ತಿಯೋ, ಯಾವುದು ಹೆಚ್ಚೋ ಅದನ್ನೇ ಹಿಡಿಯಬೇಕು. ಇದನ್ನು ತುಂಬ ಜನ ಉಲ್ಟಾ ಓದಿಕೊಳ್ಳುತ್ತಾರೆ. "ನಮ್ಮಲ್ಲಿ ಅಷ್ಟು ಜನ ಬರೋದೇ ಇಲ್ಲ ಸಾರ್, ಮುನ್ನೂರಕ್ಕೆ ಲೆಕ್ಕ ಹಾಕಿ" ಅನ್ನುವ ಮಾಲೀಕರನ್ನು ನೋಡಿದ್ದೇನೆ. ಅದೇ ಮಾಲೀಕರ ಪಾಂಪ್ಲೆಟ್‌ನಲ್ಲಿ ಏಳುನೂರು ಅಂತ ಇರುತ್ತದೆ! ಎರಡೂ ಕಾಗದ ಒಂದೇ ಫೈಲಿನಲ್ಲಿ ಇರುವುದಿಲ್ಲ, ಅಷ್ಟೇ ಪುಣ್ಯ.

ಊಟದ ಹಾಲ್ ಇನ್ನೂ ಮಜಾ. 280 ಚದರ ಮೀಟರ್ ಇದ್ದರೆ 1.4ರ ಲೆಕ್ಕದಲ್ಲಿ 200 ಜನ. ಎಲ್ಲಿಯ ಜನರನ್ನು ನೋಡಿ ಆ 1.4 ಬರೆದರೋ, ನಮ್ಮ ಪಂಕ್ತಿ ನೋಡಿಯಂತೂ ಬರೆದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನಿಂತು ನೋಡಿ. ಎಲೆ ಮುಂದೆ ಇನ್ನೂರು ಜನ ಕೂತಿರುತ್ತಾರೆ, ಇನ್ನೂ ಮಜ್ಜಿಗೆ ಬಂದಿರುವುದಿಲ್ಲ, ಅಷ್ಟರಲ್ಲೇ ಪ್ರತಿ ಕುರ್ಚಿಯ ಹಿಂದೆ ಇನ್ನೊಬ್ಬರು ಕುರ್ಚಿ ಹಿಡಿದು ನಿಂತಿರುತ್ತಾರೆ, ಕೆಲವರು ಕರ್ಚೀಫು ಹಾಕಿ ಸೀಟು ಹಿಡಿದಿರುತ್ತಾರೆ, ನಡುವೆ ಸಾರಿನ ಬಕೆಟ್ ಹಿಡಿದು ಬಡಿಸುವವರು ಓಡಾಡುತ್ತಿರುತ್ತಾರೆ. ಇನ್ನೂರರ ಹಾಲ್‌ನಲ್ಲಿ ಮುನ್ನೂರೈವತ್ತು ಜನ. ನಾನು ಪಂಕ್ತಿ ಊಟದ ಹಾಲ್‌ಗೆ ಯಾವಾಗಲೂ ಕೂತವರ ಜೊತೆ ಹಿಂದೆ ನಿಂತವರನ್ನೂ ಸೇರಿಸಿಯೇ ಲೆಕ್ಕ ಹಾಕುವುದು. ಸಂಹಿತೆ ಬೇಡ ಅನ್ನುವುದಿಲ್ಲ, ಕಣ್ಣಿಗೆ ಕಂಡಿದ್ದನ್ನು ಎಣಿಸಿ ಅಂತಲೇ ಅದು ಹೇಳುವುದು.

ತಲೆ ಎಣಿಸಿಯಾಯಿತು. ಇನ್ನು ಅಗಲ. ಮದುವೆ ಹಾಲ್ ಥರದ ಕಟ್ಟಡಕ್ಕೆ 2016ರ ಸಂಹಿತೆಯಲ್ಲಿ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಸಮತಟ್ಟಾದ ದಾರಿ, ಬಾಗಿಲು, ರ‍್ಯಾಂಪು ಆದರೆ ತಲೆಗೆ 6.5 ಮಿಲಿಮೀಟರ್. ಮೆಟ್ಟಿಲಾದರೆ ತಲೆಗೆ 10 ಮಿಲಿಮೀಟರ್. ರಾಸಾಯನಿಕ, ಪಟಾಕಿ ಥರದ ಅಪಾಯದ ಕಟ್ಟಡಗಳಿಗೆ ಇದು 10 ಮತ್ತು 18 ಆಗುತ್ತದೆ, ಅದು ಬೇರೆ ಕತೆ. ನಮ್ಮ 600ಕ್ಕೆ ಬಾಗಿಲು 600 ಗುಣಿಸು 6.5, ಅಂದರೆ 3,900 ಮಿಲಿಮೀಟರ್. ಮೆಟ್ಟಿಲು 600 ಗುಣಿಸು 10, ಅಂದರೆ 6,000. ಆರು ಮೀಟರ್! ಇಪ್ಪತ್ತಡಿ ಅಗಲದ ಮೆಟ್ಟಿಲು. ಇದನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಸಾಲಿನಿಂದ "ಆಗದ ಮಾತು" ಅಂತ ಯಾರೋ ಅಂದರು. ತಡೀರಿ, ಒಂದೇ ಮೆಟ್ಟಿಲು ಅಂತ ನಾನೆಲ್ಲಿ ಹೇಳಿದೆ?

ಹಳೆಯ ಎಂಜಿನಿಯರುಗಳಿಗೆ ಇನ್ನೊಂದು ಲೆಕ್ಕ ಗೊತ್ತಿರುತ್ತದೆ. 2005ರ ಸಂಹಿತೆಯಲ್ಲಿ ಯೂನಿಟ್ ಅಂತ ಇತ್ತು. 500 ಮಿಲಿಮೀಟರ್‌ಗೆ ಒಂದು ಯೂನಿಟ್, ಮೇಲೆ 250 ಉಳಿದರೆ ಅರ್ಧ ಯೂನಿಟ್, ಅದಕ್ಕಿಂತ ಕಡಿಮೆ ಉಳಿದರೆ ಲೆಕ್ಕಕ್ಕಿಲ್ಲ. ಸಭಾಂಗಣದ ಮೆಟ್ಟಿಲಲ್ಲಿ ಯೂನಿಟ್‌ಗೆ 40 ಜನ, ಬಾಗಿಲಲ್ಲಿ 60. ಅದರಂತೆ 600 ಜನಕ್ಕೆ ಮೆಟ್ಟಿಲು 15 ಯೂನಿಟ್, ಏಳೂವರೆ ಮೀಟರ್. ಅಂದರೆ ಹೊಸ ಲೆಕ್ಕವೇ ಸ್ವಲ್ಪ ಸಡಿಲ. ಆರು ಮೀಟರ್ ಜಾಸ್ತಿ ಆಯ್ತು ಅನ್ನುವವರಿಗೆ ನಾನು ಸುಮ್ನೆ ಈ ಏಳೂವರೆ ತೋರಿಸುತ್ತೇನೆ.

ಮೆಟ್ಟಿಲಿಗೆ ಯಾಕೆ ಜಾಸ್ತಿ ಅಗಲ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸಮ ನೆಲದ ಮೇಲೆ ನಾವು ಮುಂದಿನವರ ಬೆನ್ನಿಗೆ ಅಂಟಿಕೊಂಡೇ ನಡೆಯಬಹುದು. ಮೆಟ್ಟಿಲಲ್ಲಿ ಕಾಲಿಡುವ ಜಾಗ ಕಣ್ಣಿಗೆ ಕಾಣಬೇಕು, ಹಾಗಾಗಿ ಮುಂದಿನವರಿಗೂ ನಮಗೂ ಒಂದು ಮೆಟ್ಟಿಲಿನ ಅಂತರ ತಾನಾಗಿಯೇ ಬೀಳುತ್ತದೆ. ಇಳಿಯುವಾಗ ಮೈ ಎಡಕ್ಕೆ ಬಲಕ್ಕೆ ವಾಲುತ್ತದೆ. ಮದುವೆಯಲ್ಲಂತೂ ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ, ಮಗು ಇನ್ನೊಂದು ಕೈಯಲ್ಲಿ. ಮಂಡಿ ನೋವಿನ ಅಜ್ಜಿ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುತ್ತಾರೆ, ಹಿಂದಿನವರೆಲ್ಲ ಅವರ ವೇಗಕ್ಕೇ ಬರಬೇಕು. ಜೇಕ್ ಪಾಲ್ಸ್ ಅನ್ನುವ ಸಂಶೋಧಕರು 1970ರ ದಶಕದಲ್ಲಿ ಕೆನಡಾದ ಎತ್ತರದ ಆಫೀಸು ಕಟ್ಟಡಗಳಲ್ಲಿ ಜನ ಮೆಟ್ಟಿಲಿಳಿದು ಹೊರಬರುವುದನ್ನು ನೋಡಿ ಅಳೆದರು. ಅವರು ಕಂಡುಕೊಂಡಿದ್ದು ಏನೆಂದರೆ ಜನ ಗೋಡೆಗೆ ಉಜ್ಜಿಕೊಂಡು ಇಳಿಯುವುದಿಲ್ಲ, ಎರಡೂ ಕಡೆ ಸುಮಾರು 150 ಮಿಲಿಮೀಟರ್ ಬಿಟ್ಟೇ ಇಳಿಯುತ್ತಾರೆ. ಒಂದು ಮೀಟರ್ ಮೆಟ್ಟಿಲು ಕಟ್ಟಿದರೆ ಕೆಲಸಕ್ಕೆ ಬರುವುದು 70 ಸೆಂಟಿಮೀಟರ್.

ಈಗ ಆ ಆರು ಮೀಟರ್‌ಗೆ ಬರೋಣ. ಸಭಾಂಗಣದ ಮೆಟ್ಟಿಲು ಕನಿಷ್ಠ ಎರಡು ಮೀಟರ್ ಇರಬೇಕು, ಬಾಗಿಲೂ ಕನಿಷ್ಠ ಎರಡು ಮೀಟರ್. ಹಾಗಾದರೆ ಎರಡೆರಡು ಮೀಟರಿನ ಮೂರು ಮೆಟ್ಟಿಲು, ಒಂದೊಂದಕ್ಕೂ ಎರಡು ಮೀಟರಿನ ಒಂದು ಬಾಗಿಲು. ಎರಡೇ ಮೆಟ್ಟಿಲು ಕಟ್ಟಿ, ಮುಂದೆ ಶೋಭೆಗೆ ನಾಲ್ಕು ಮೀಟರ್, ಹಿಂದೆ ಎರಡು ಮೀಟರ್ ಕೊಟ್ಟರೂ ಕೂಡಿಸಿದಾಗ ಆರೇ ಬರುತ್ತದೆ ಅಲ್ವಾ? ಬರುತ್ತದೆ. ಆದರೆ ಬೆಂಕಿ ಮುಂದಿನ ಮೆಟ್ಟಿಲ ಬುಡದಲ್ಲೇ ಹತ್ತಿತು ಅಂದುಕೊಳ್ಳಿ. ಎಷ್ಟೋ ಛತ್ರಗಳಲ್ಲಿ ಮೀಟರ್ ಬೋರ್ಡು, ಜನರೇಟರ್ ಎರಡೂ ಆ ಮೆಟ್ಟಿಲಿನ ಕೆಳಗೇ ಇರುವುದು. ನಾಲ್ಕು ಮೀಟರ್ ಹೋಯ್ತು, ಉಳಿದಿದ್ದು ಎರಡು. ಎರಡು ಮೀಟರ್ ಅಂದರೆ 200 ಜನಕ್ಕೆ. ಮೂರು ಸಮ ಮೆಟ್ಟಿಲಿದ್ದಿದ್ದರೆ ಒಂದು ಹೋದರೂ 400 ಜನಕ್ಕೆ ದಾರಿ ಇರುತ್ತಿತ್ತು. ಅಮೆರಿಕದ ಬೆಂಕಿ ಸುರಕ್ಷತೆಯ ಸಂಹಿತೆ, ಎನ್‌ಎಫ್‌ಪಿಎ 101, ಇದನ್ನೇ ನಿಯಮ ಮಾಡಿದೆ: ಯಾವುದೇ ಒಂದು ದಾರಿ ಮುಚ್ಚಿದರೂ ಬೇಕಾದ ಅಗಲದಲ್ಲಿ ಅರ್ಧವಾದರೂ ಉಳಿಯಬೇಕು. 500 ಜನ ದಾಟಿದರೆ ಮೂರು ದಾರಿ, 1000 ದಾಟಿದರೆ ನಾಲ್ಕು. ಬ್ರಿಟಿಷರು ಇನ್ನೂ ಬಿಗಿ. ಅತಿ ಅಗಲದ ಬಾಗಿಲನ್ನೇ ಲೆಕ್ಕದಿಂದ ತೆಗೆದುಹಾಕಿ, ಉಳಿದವು ಸಾಕಾಗುತ್ತವಾ ನೋಡುತ್ತಾರೆ. ನನಗೆ ಆ ಪದ್ಧತಿಯೇ ಇಷ್ಟ. ಪ್ಲಾನ್ ಮುಂದಿಟ್ಟುಕೊಂಡು ದೊಡ್ಡ ಬಾಗಿಲಿನ ಮೇಲೆ ಬೆರಳಿಟ್ಟು ಮುಚ್ಚಿ ನೋಡುವುದು. ಖರ್ಚಿಲ್ಲದ ಪರೀಕ್ಷೆ.

ಇದು ಪುಸ್ತಕದ ಭಯ ಅಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ಮದುವೆ ಹಾಲ್ ಒಂದರಲ್ಲಿ ನಡೆಯುತ್ತಿತ್ತು. ಪೆಂಡಾಲಿಗೆ ಬೆಂಕಿ ಹತ್ತಿತು. ಜನರಿಗೆ ಇದ್ದದ್ದು ಒಂದೇ ಗೇಟು. 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೇ ಜಾಸ್ತಿ. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಮದುವೆ ಛತ್ರದಲ್ಲಿ ಮೇಲೆ ಹಾಕಿದ್ದ ಗರಿಯ ಚಪ್ಪರ ಹೊತ್ತಿಕೊಂಡಿತು, ಇಳಿಯಲು ಇದ್ದದ್ದು ಕಿರಿದಾದ ಮೆಟ್ಟಿಲು. 50ಕ್ಕೂ ಹೆಚ್ಚು ಜನ ಹೋದರು, ಮದುವೆ ಗಂಡೂ ಸೇರಿ. ನಮ್ಮ ಬೆಂಗಳೂರಿನದ್ದೇ ಬೇಕಾದರೆ 1981ರ ಫೆಬ್ರವರಿ 7, ವೀನಸ್ ಸರ್ಕಸ್. ಟೆಂಟಿಗೆ ಬೆಂಕಿ, ನೂಕುನುಗ್ಗಲು, 92 ಸಾವು, ಬಹುಪಾಲು ಮಕ್ಕಳು. ಇಲ್ಲಿರುವ ಹಿರಿಯರಿಗೆ ನೆನಪಿರಬೇಕು.

ಇನ್ನೊಂದು ಮಾತು ಮುಂಬಾಗಿಲಿನ ಬಗ್ಗೆ. ಗಾಬರಿಯಾದಾಗ ಜನ ಹತ್ತಿರದ ಬಾಗಿಲಿಗೆ ಹೋಗುವುದಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗಲು ನೋಡುತ್ತಾರೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ 'ದಿ ಸ್ಟೇಷನ್' ಕ್ಲಬ್ಬಿಗೆ ಬೆಂಕಿ ಬಿದ್ದಾಗ ಅಲ್ಲಿ ನಾಲ್ಕು ಬಾಗಿಲಿದ್ದವು. ಹೆಚ್ಚಿನವರು ಹೋಗಿದ್ದು ತಾವು ಬಂದ ಮುಂಬಾಗಿಲಿಗೇ. ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿತು. ಸತ್ತವರು 100. ಅದಕ್ಕೇ ಮುಂಬಾಗಿಲೊಂದೇ ಕನಿಷ್ಠ ಅರ್ಧ ಜನರನ್ನು ತಡೆದುಕೊಳ್ಳುವಷ್ಟು ಅಗಲ ಇರಬೇಕು ಅನ್ನುತ್ತದೆ ಅಮೆರಿಕದ ಸಂಹಿತೆ. ಕ್ಲಬ್ಬು, ಡಾನ್ಸ್ ಹಾಲ್ ಆದರೆ ಮೂರನೇ ಎರಡು ಪಾಲು. ನಮ್ಮ 600ರಲ್ಲಿ ಅರ್ಧ 300, ಅದಕ್ಕೆ 1,950 ಮಿಲಿಮೀಟರ್. ಎರಡು ಮೀಟರಿನ ಮುಂಬಾಗಿಲು ಸರಿಯಾಗಿ ಸಾಕು, ಒಂದಿಂಚೂ ಕಡಿಮೆ ಆಗಬಾರದು.

ಒಂದಿಂಚೂ ಅಂದೆನಲ್ಲ, ಈಗ ಟೇಪು ಹಿಡಿಯೋಣ. ಡ್ರಾಯಿಂಗ್‌ನಲ್ಲಿ ಬಾಗಿಲು 2.4 ಮೀಟರ್ ಅಂತ ಇದೆ ಅನ್ನಿ. ಅದು ಗೋಡೆಯ ಓಪನಿಂಗ್. ಚೌಕಟ್ಟು ಕೂತ ಮೇಲೆ, ಬಾಗಿಲು ಪೂರ್ತಿ ತೆರೆದಾಗ ಒಳಗೆ ಸಿಗುವುದು 2.2. ಅಳತೆ ಅಂದರೆ ಈ 2.2 ಮಾತ್ರ. ಇದು ಖಾಲಿ ಛತ್ರದ ಅಳತೆ. ಮದುವೆ ದಿನ ಹೋಗಿ. ಡೆಕೊರೇಷನ್‌ನವರು ಬಾಗಿಲಿನ ಎರಡೂ ಕಡೆ ಹೂವಿನ ಕಂಬ ನಿಲ್ಲಿಸಿರುತ್ತಾರೆ, ಒಂದೊಂದೂ ಒಂದಡಿ ತಿನ್ನುತ್ತದೆ. 1.6 ಉಳಿಯಿತು. ಪಕ್ಕದಲ್ಲಿ ಮುಯ್ಯಿ ಬರೆಯುವ ಟೇಬಲ್, ಅದರ ಹಿಂದೆ ಇಬ್ಬರು ಚಿಕ್ಕಪ್ಪಂದಿರು, ಅದರ ಮೇಲೆ ಪನ್ನೀರು, ಕಲ್ಲುಸಕ್ಕರೆ. ಆ ಟೇಬಲ್ ಅರ್ಧ ಮೀಟರ್ ದಾರಿಗೆ ಚಾಚಿರುತ್ತದೆ. ಈಗ 1.1. ಒಂದು ರೆಕ್ಕೆಗೆ ಮೇಲೆ ಕೆಳಗೆ ಚಿಲಕ ಹಾಕಿಬಿಟ್ಟಿದ್ದರಂತೂ ಕೇಳಲೇಬೇಡಿ. 1,100 ಮಿಲಿಮೀಟರನ್ನು 6.5ರಿಂದ ಭಾಗಿಸಿದರೆ 169. ಮುನ್ನೂರು ಜನರ ಬಾಗಿಲು ನೂರಾ ಅರವತ್ತೊಂಬತ್ತಕ್ಕೆ ಇಳಿಯಿತು, ಒಂದು ಇಟ್ಟಿಗೆಯನ್ನೂ ಸರಿಸದೆ.

ಇದನ್ನು ಸಮಯಕ್ಕೆ ತಿರುಗಿಸಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಕೈಪಿಡಿಯಲ್ಲಿ ಒಂದು ಅಂಕಿ ಇದೆ. ಸಮ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಲ್ಲಿ 66. ಮುಂಬಾಗಿಲಿಗೆ ಬಂದ 300 ಜನ 2.2 ಮೀಟರಿನಲ್ಲಿ ಒಂದೂ ಮುಕ್ಕಾಲು ನಿಮಿಷಕ್ಕೂ ಬೇಗ ಹೊರಗಿರುತ್ತಾರೆ. 1.1 ಮೀಟರಿನಲ್ಲಿ ಮೂರು ನಿಮಿಷ ದಾಟುತ್ತದೆ. ಸ್ಟೇಷನ್ ಕ್ಲಬ್ಬಿನ ತನಿಖೆಯಲ್ಲಿ ಸುಮಾರು 90 ಸೆಕೆಂಡಿಗೇ ಒಳಗೆ ಜನ ಬದುಕುಳಿಯುವ ಸ್ಥಿತಿ ಇರಲಿಲ್ಲ ಅಂತ ಗೊತ್ತಾಯಿತು. ಅಲ್ಲಿ ಗೋಡೆಗೆ ಫೋಮ್ ಹಚ್ಚಿದ್ದರು. ನಮ್ಮಲ್ಲಿ ಸ್ಟೇಜಿನ ಹಿಂದೆ ಇರುವ ಥರ್ಮೋಕೋಲು, ನೆಟ್ ಬಟ್ಟೆ, ಪ್ಲಾಸ್ಟಿಕ್ ಹೂವು ಏನು ಕಡಿಮೆಯಾ?

ಎರಡೂವರೆ ನಿಮಿಷದೊಳಗೆ ಜನ ಹೊರಗೆ ಬರಬೇಕು ಅಂತ ಬ್ರಿಟಿಷರಲ್ಲಿ ಒಂದು ಲೆಕ್ಕ ಇದೆ. ಅದರ ಹಿಂದೆ ಹೇಳುವ ಕತೆ ಚೆನ್ನಾಗಿದೆ. 1911ರ ಮೇ 9ರಂದು ಎಡಿನ್‌ಬರೋದ ಎಂಪೈರ್ ಪ್ಯಾಲೇಸ್ ಥಿಯೇಟರಿನಲ್ಲಿ ಜಾದೂ ಪ್ರದರ್ಶನದ ನಡುವೆ ಸ್ಟೇಜಿಗೆ ಬೆಂಕಿ ಬಿತ್ತು. ವಾದ್ಯದವರು ರಾಷ್ಟ್ರಗೀತೆ ನುಡಿಸಲು ಶುರುಮಾಡಿದರು. ಜನ ಎದ್ದು ನಿಂತರು, ಹಾಗೇ ಸಾಲಾಗಿ ಹೊರಗೆ ನಡೆದರು. ಸುಮಾರು 3,000 ಜನ ಎರಡೂವರೆ ನಿಮಿಷದಲ್ಲಿ ಹೊರಗಿದ್ದರು ಅನ್ನುತ್ತಾರೆ. ಸ್ಟೇಜಿನ ಹಿಂದಿದ್ದ ಜಾದೂಗಾರ ಮತ್ತು ತಂಡದ ಹಲವರು ಸತ್ತರು, ಪ್ರೇಕ್ಷಕರೆಲ್ಲ ಬದುಕಿದರು.

ಹಾಲ್ ಬಾಗಿಲು, ಮೆಟ್ಟಿಲು ಸರಿಮಾಡಿ ಅಲ್ಲಿಗೇ ಬಿಡಬೇಡಿ. ಒಂದಿಂಚು ಪೈಪು ಎಳೆದು ಕೊನೆಗೆ ಅರ್ಧ ಇಂಚಿನ ನಲ್ಲಿ ಹಾಕಿದರೆ ಬರುವುದು ಅರ್ಧ ಇಂಚಿನ ನೀರೇ. ಮೇಲಿನ 600 ಜನ ಮೆಟ್ಟಿಲಿಳಿದು ಬರುವ ವರಾಂಡಕ್ಕೇ ಊಟದ ಹಾಲ್‌ನವರೂ ಬರುತ್ತಾರೆ. ಮಹಡಿಗಳು ಒಂದರ ಮೇಲೊಂದು ಇದ್ದರೆ ಮೆಟ್ಟಿಲಿಗೆ ಎಲ್ಲ ಮಹಡಿಯ ಜನರನ್ನು ಕೂಡಿಸಬೇಕಿಲ್ಲ, ಅತಿ ಹೆಚ್ಚು ಜನರಿರುವ ಮಹಡಿ ನೋಡಿದರೆ ಸಾಕು. ಆದರೆ ಎರಡು ಗುಂಪು ಒಂದೇ ಬಾಗಿಲಿಗೆ ಬಂದು ಸೇರುವ ಕಡೆ ಕೂಡಿಸಲೇಬೇಕು. 600ಕ್ಕೆ ಪಂಕ್ತಿಯ 350 ಸೇರಿಸಿ, 950 ಗುಣಿಸು 6.5, ಆರು ಮೀಟರಿಗೂ ಮೇಲೆ. ಅದಕ್ಕೇ ಊಟದ ಹಾಲ್‌ಗೆ ಬೇರೆಯೇ ಬಾಗಿಲು ಕೊಟ್ಟುಬಿಡಿ, ಅಡುಗೆಮನೆಯನ್ನು ಹಾದು ಹೋಗದ ಬಾಗಿಲು. ಕಾಂಪೌಂಡ್ ಗೇಟಿಗೂ ಇದೇ ಲೆಕ್ಕ. ಮಡಚುವ ಕಬ್ಬಿಣದ ಗೇಟಾದರೆ ಮಡಚಿದ ಕಂತೆ ತಿನ್ನುವ ಜಾಗ ಕಳೆಯಿರಿ. ಮುಂದೆ ಶಾಮಿಯಾನ ಹಾಕಿದರೆ ಅದರೊಳಗಿನ ಜನರನ್ನೂ ಎಣಿಸಿ.

ಪ್ರಶ್ನೆಗಳಿಗೆ ಬರುತ್ತೇನೆ. ಲಿಫ್ಟು ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದರು. ಇಲ್ಲ. ಎಸ್ಕಲೇಟರೂ ಇಲ್ಲ. ರೋಲಿಂಗ್ ಶಟರು, ಸರಿಸುವ ಬಾಗಿಲು, ತಿರುಗುವ ಬಾಗಿಲು ಯಾವುದೂ ಇಲ್ಲ. ತಿರುಗುವ ಬಾಗಿಲಿನ ಕತೆ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ಬಿನಲ್ಲಿ 1942ರಲ್ಲೇ ಮುಗಿಯಿತು, ಬೆಂಕಿ ಬಿದ್ದಾಗ ಆ ಬಾಗಿಲು ಜಾಮ್ ಆಗಿ, ಒಟ್ಟು 492 ಜನ ಹೋದರು.

ಹಿಂದಿನ ಬಾಗಿಲು ತೆರೆದಿಟ್ಟರೆ ಕಳ್ಳರು ಬರುತ್ತಾರೆ, ಕರೆಯದವರು ಊಟಕ್ಕೆ ಬಂದು ಕೂರುತ್ತಾರೆ, ಅದಕ್ಕೆ ಬೀಗ ಹಾಕುತ್ತೇವೆ ಅಂದರು ಒಬ್ಬರು. ಕಷ್ಟ ನಿಜವೇ. ಆದರೆ ಬೀಗ ಬಿದ್ದ ಬಾಗಿಲಿನ ಅಗಲ ಸೊನ್ನೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ ಬೆಂಕಿ ಬಿದ್ದು 59 ಜನ ಸತ್ತಾಗ ಬಾಲ್ಕನಿಯ ಬಲಬದಿಯ ದಾರಿಯನ್ನೇ ಸೀಟು ಹಾಕಿ ಮುಚ್ಚಿದ್ದರು. ಅಲ್ಲಿ ಜಾಗ ಇಲ್ಲದೆ ಅಲ್ಲ, ಇನ್ನಷ್ಟು ಟಿಕೆಟ್ಟಿಗೆ. ನಿಮ್ಮ ಕಷ್ಟಕ್ಕೆ ಪರಿಹಾರ ನೂರು ವರ್ಷದ ಹಿಂದೆಯೇ ಬಂದಿದೆ. 1903ರಲ್ಲಿ ಶಿಕಾಗೋದ ಇರೊಕ್ವಾಯ್ ಥಿಯೇಟರಿನಲ್ಲಿ 602 ಜನ ಸತ್ತರು, ಎಷ್ಟೋ ಬಾಗಿಲಿಗೆ ಬೀಗ, ಕೆಲವಕ್ಕೆ ಯಾರಿಗೂ ತೆಗೆಯಲು ತಿಳಿಯದ ಅಗುಳಿ. ಅಂದು ಟಿಕೆಟ್ ಇದ್ದೂ ಹೋಗಲಾಗದ ಕಾರ್ಲ್ ಪ್ರಿನ್ಸ್ಲರ್ ಅನ್ನುವ ಹಾರ್ಡ್‌ವೇರ್ ವ್ಯಾಪಾರಿ ಆಮೇಲೆ ಜೊತೆಗಾರರೊಬ್ಬರ ಜೊತೆ ಸೇರಿ ಅಡ್ಡ ಸಲಾಕೆಯ ಬಾಗಿಲು ಮಾಡಿಸಿದರು. ಪ್ಯಾನಿಕ್ ಬಾರ್ ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಒಳಗಿನಿಂದ ಮೈಭಾರ ಬಿಟ್ಟರೆ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ಕರೆಯದವರು ಹೊರಗೇ ಉಳಿಯುತ್ತಾರೆ. ಬಾಗಿಲು ಮಾತ್ರ ಹೊರಮುಖವಾಗಿ ತೆರೆಯಬೇಕು.

ಕೊನೆಗೆ ಹಳೆ ಛತ್ರದ ಮಾಲೀಕರೊಬ್ಬರು ಎದ್ದರು. "ನಂದು ಇಪ್ಪತ್ತೈದು ವರ್ಷದ ಕಟ್ಟಡ, ಐದೈದು ಅಡಿಯ ಎರಡು ಮೆಟ್ಟಿಲು ಇವೆ, ಒಡೆದು ಕಟ್ಟೋಕಾಗುತ್ತಾ?" ಬೇಡ. ಲೆಕ್ಕವನ್ನು ಉಲ್ಟಾ ಮಾಡಿ. ಐದಡಿ ಅಂದರೆ ಒಂದೂವರೆ ಮೀಟರ್. ಎರಡು ಸೇರಿ 3,000 ಮಿಲಿಮೀಟರ್, ಹತ್ತರಿಂದ ಭಾಗಿಸಿ, 300. ಅಗಲದ ಲೆಕ್ಕದಲ್ಲೇ ನಿಮ್ಮದು ಹೆಚ್ಚೆಂದರೆ ಮುನ್ನೂರು ಜನರ ಹಾಲ್, ಕುರ್ಚಿ ಎಷ್ಟಾದರೂ ಇರಲಿ. ಮುನ್ನೂರಕ್ಕೆ ಯಾರು ಬುಕ್ ಮಾಡುತ್ತಾರೆ ಅಂದರು. ಹಾಗಾದರೆ ಸೈಡಿನಲ್ಲಿ ಜಾಗ ಇದೆಯಾ ನೋಡಿ. ಹೊರಗೋಡೆಗೆ ಎರಡು ಮೀಟರಿನ ನೇರ ಕಬ್ಬಿಣದ ಮೆಟ್ಟಿಲು ಸೇರಿಸಿದರೆ ಇನ್ನೂರು ಜನ ಕೂಡುತ್ತಾರೆ. ಸುರುಳಿ ಮೆಟ್ಟಿಲು ಬೇಡ. ಅಡುಗೆಮನೆಯ ಕಿಟಕಿ ಮುಂದೆ ಹಾದು ಹೋಗುವ ಹಾಗೆ ಇಡಬೇಡಿ, ಇಳಿಜಾರು 45 ಡಿಗ್ರಿಗಿಂತ ಕಡಿದಾಗಬಾರದು, ಮತ್ತು ಇಳಿದ ಮೇಲೆ ರಸ್ತೆಗೆ ಸೇರುವ ದಾರಿ ಇರಬೇಕು, ಪಕ್ಕದವರ ಕಾಂಪೌಂಡಿಗಲ್ಲ. ಅಲ್ಲಿಯವರೆಗೆ ಆಫೀಸಿನ ಬೋರ್ಡಿನಲ್ಲಿ 300 ಅಂತಲೇ ಬರೆಸಿ. ಅವರು "ಸೈಡಲ್ಲಿ ಎಂಟಡಿ ಇದೆ, ಬಂದು ನೋಡ್ತೀರಾ" ಅಂದರು. ಎಂಟಡಿಗೆ ಎರಡು ಮೀಟರ್ ಮೆಟ್ಟಿಲು ಕೂರುತ್ತದೆ, ಆದರೆ ಅಲ್ಲೇ ನಿಲ್ಲಿಸುವ ಜನರೇಟರನ್ನು ಬೇರೆ ಕಡೆ ಸಾಗಿಸಬೇಕು ಅಂದೆ.